ಅನುಭವ ಇಲ್ಲದ ಡಿಫೆನ್ಸ್, ಅಗ್ಗದ ಡಿಫೆನ್ಸ್: ರ‍್ಯಾಮ್ಸ್ ಹುಡುಗರು ಫಿಲಡೆಲ್ಫಿಯಾ ದಾಟ್ತಾರಾ?

255. ಅಮೆರಿಕನ್ ಫುಟ್‌ಬಾಲ್ ನೋಡುವವರ ತಲೆಯಲ್ಲಿ ಈ ವಾರ ಓಡ್ತಿರೋದು ಇದೊಂದೇ ಸಂಖ್ಯೆ. 2024ರ ನವೆಂಬರ್ 24ರ ರಾತ್ರಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಸೇಕ್ವಾನ್ ಬಾರ್ಕ್ಲಿ, ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಅಂಗಳದಲ್ಲೇ, ಅವರ ಡಿಫೆನ್ಸ್ ಸೀಳಿಕೊಂಡು ಒಬ್ಬನೇ ಓಡಿದ್ದು 255 ಯಾರ್ಡ್. ಈಗಲ್ಸ್ 37-20ರಿಂದ ಗೆದ್ದಿತು. 2025ರ ಜನವರಿ 19ರ ಈ ಭಾನುವಾರ, ಅಂದ್ರೆ ನಮ್ಮ ಲೆಕ್ಕದಲ್ಲಿ ಸೋಮವಾರ ಬೆಳಗಿನ ಜಾವ 1:30ಕ್ಕೆ, ಅದೇ ಹುಡುಗರು ಅದೇ ಬಾರ್ಕ್ಲಿ ಎದುರು ಮತ್ತೆ ನಿಲ್ತಾರೆ. ಈ ಸಲ ಅವನ ಊರಲ್ಲಿ, ಹಿಮ ಬೀಳೋ ಮುನ್ಸೂಚನೆ ನಡುವೆ, ಸೋತ್ರೆ ಮನೆಗೆ ಅನ್ನೋ ಪ್ಲೇಆಫ್ ಪಂದ್ಯದಲ್ಲಿ.

ಈ ಕಾಲಂ ಓದುವವರಲ್ಲಿ ಬಹುತೇಕರು ಈ ಆಟ ನೋಡಲ್ಲ, ನನಗೂ ಗೊತ್ತು. ನಾನೂ ಇಷ್ಟಪಟ್ಟು ಕಲಿತದ್ದಲ್ಲ. ಇಂಜಿನಿಯರಿಂಗ್ ಮುಗಿಸಿ ಐಟಿ ಕಂಪನಿ ಸೇರಿದ ಮೇಲೆ, ಅಮೆರಿಕದ ಕ್ಲೈಂಟ್‌ಗೆ ರಾತ್ರಿ ಪಾಳಿ ಸಪೋರ್ಟ್ ಕೊಡ್ತಾ, ಕಾಲ್‌ನಲ್ಲಿ ಅವರು ಮಾತಾಡಿಕೊಳ್ಳೋದು ಅರ್ಥವಾಗಲಿ ಅಂತ ನೋಡೋಕೆ ಶುರು ಮಾಡಿದ್ದು. ಅಭ್ಯಾಸ ಉಳಿದುಬಿಡ್ತು, ಕೆಲಸ ಉಳಿಯಲಿಲ್ಲ.

ಇವತ್ತು ಇದನ್ನ ಬರೀತಿರೋದಕ್ಕೆ ಕಾರಣ ಇದೆ. ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ವಾರಕ್ಕೆ 90 ಗಂಟೆ ದುಡಿಮೆಯ ಮಾತಾಡಿ, ಭಾನುವಾರ ಕೆಲಸ ಮಾಡಿಸೋಕೆ ಆಗ್ತಿಲ್ಲವಲ್ಲ ಅಂತ ಬೇಸರಪಟ್ಟ ವಿಡಿಯೊ 2025ರ ಜನವರಿಯಲ್ಲಿ ಹೊರಬಂತು. ಎಲ್ಲರೂ ಗಂಟೆಗಳ ಲೆಕ್ಕ ಮಾಡ್ತಿದ್ದಾರೆ. ಎಳೆಯರನ್ನ ಮುಂದೆ ನಿಲ್ಲಿಸಿ ದುಡಿಸೋದ್ರ ಹಿಂದಿನ ಇನ್ನೊಂದು ಲೆಕ್ಕ ಮಾತ್ರ ಅಷ್ಟಾಗಿ ಚರ್ಚೆಯಾಗ್ತಿಲ್ಲ. ಆ ಲೆಕ್ಕವನ್ನ ರ‍್ಯಾಮ್ಸ್ ತಂಡದಷ್ಟು ಸ್ಪಷ್ಟವಾಗಿ ತೋರಿಸೋ ಉದಾಹರಣೆ ಸದ್ಯಕ್ಕೆ ನನಗೆ ಬೇರೆ ಕಾಣ್ತಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಸಾಲು: ಚೆಂಡು ಹಿಡಿದ ತಂಡಕ್ಕೆ 10 ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಎಸೆದಾದರೂ ಹೋಗಬಹುದು, ಹೊತ್ತುಕೊಂಡು ಓಡಿಯಾದರೂ ಹೋಗಬಹುದು. ಎಸೆಯೋನು ಕ್ವಾರ್ಟರ್‌ಬ್ಯಾಕ್. ಅವನು ಎಸೆಯೋ ಮುಂಚೆಯೇ ಕೆಡವಿದ್ರೆ ಅದು ಸ್ಯಾಕ್. ತಡೆಯೋಕೆ ನಿಲ್ಲೋ ಹನ್ನೊಂದು ಜನ ಡಿಫೆನ್ಸ್. ಇಷ್ಟು ಸಾಕು.

ಡೊನಾಲ್ಡ್ ಹೋದ ಮೇಲೆ

2024ರ ಮಾರ್ಚ್‌ನಲ್ಲಿ ಏರಾನ್ ಡೊನಾಲ್ಡ್ ನಿವೃತ್ತಿ ಘೋಷಿಸಿದ. ಹತ್ತು ಸೀಸನ್, 111 ಸ್ಯಾಕ್, ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ. ಅವನೊಬ್ಬನಿಗೇ ಎದುರಾಳಿ ಇಬ್ಬಿಬ್ಬರನ್ನ ಕಾವಲು ಹಾಕ್ತಿತ್ತು, ಪಕ್ಕದವರ ಕೆಲಸ ಹಗುರಾಗ್ತಿತ್ತು. ಅದಕ್ಕೂ ಎರಡು ತಿಂಗಳ ಮುಂಚೆ ಡಿಫೆನ್ಸ್ ಕೋಚ್ ರಹೀಮ್ ಮಾರಿಸ್ ಅಟ್ಲಾಂಟಾ ತಂಡದ ಮುಖ್ಯ ಕೋಚ್ ಆಗಿ ಹೊರಟಿದ್ದರು. ಅವರ ಜಾಗಕ್ಕೆ ಒಳಗಿನವರೇ ಆದ ಕ್ರಿಸ್ ಶುಲಾ ಬಂದರು. ಹೀಗೆ ಬಿಟ್ಟುಹೋದ ಜಾಗ ತುಂಬಿದ್ದು ಯಾರು?

ಜೇರೆಡ್ ವರ್ಸ್, 2024ರ ಡ್ರಾಫ್ಟ್‌ನ 19ನೇ ಆಯ್ಕೆ, ಮೊದಲ ವರ್ಷ. ಬ್ರೇಡನ್ ಫಿಸ್ಕ್, 39ನೇ ಆಯ್ಕೆ, ಅವನದೂ ಮೊದಲ ವರ್ಷ. ಕೋಬಿ ಟರ್ನರ್ ಮತ್ತು ಬೈರನ್ ಯಂಗ್, ಇಬ್ಬರೂ 2023ರ ಮೂರನೇ ಸುತ್ತಿನವರು, ಎರಡನೇ ವರ್ಷ. ಮುಂಚೂಣಿಯ ನಾಲ್ಕು ಪ್ರಮುಖ ಹೆಸರು ಹೇಳಿ ಅಂದ್ರೆ ನಾಲ್ಕೂ ಇವೇ. ನಡುವಿನ ಸಾಲಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೇ ಇದ್ದ ಓಮರ್ ಸ್ಪೈಟ್ಸ್, ಹಿಂದೆ ಮೂರನೇ ಸುತ್ತಿನ ಕ್ಯಾಮ್ರನ್ ಕಿಂಚನ್ಸ್, ಇಬ್ಬರೂ ಹೊಸಬರು.

ಇವರ ಹಿನ್ನೆಲೆ ನೋಡಿ. ವರ್ಸ್ ಶುರು ಮಾಡಿದ್ದು ಆಲ್ಬನಿ ಅನ್ನೋ ಸಣ್ಣ ಮಟ್ಟದ ಕಾಲೇಜ್ ತಂಡದಲ್ಲಿ. ಟರ್ನರ್ ಸ್ಕಾಲರ್‌ಶಿಪ್ ಇಲ್ಲದೇ ರಿಚ್‌ಮಂಡ್ ತಂಡ ಸೇರಿದವನು. ಯಂಗ್ ಕಾಲೇಜ್ ಫುಟ್‌ಬಾಲ್‌ಗೆ ಬರೋ ಮುಂಚೆ ಡಾಲರ್ ಜನರಲ್ ಅಂಗಡಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದವನು. ಚಿಕ್ಕಂದಿನಿಂದ ಗುರುತು ಸಿಕ್ಕ ರಾಜಕುಮಾರರು ಇವರಲ್ಲ.

ಸೀಸನ್ ಶುರುವಾದಾಗ ಆಗಬೇಕಿದ್ದದ್ದೇ ಆಯ್ತು. ಮೊದಲ ಐದರಲ್ಲಿ ನಾಲ್ಕು ಸೋಲು. ಆಮೇಲೆ ಗಾಡಿ ಹಳಿಗೆ ಬಂತು. ಕಿಂಚನ್ಸ್ ಸಿಯಾಟಲ್‌ನಲ್ಲಿ ಎದುರಾಳಿಯ ಎಸೆತ ಕಸಿದು 103 ಯಾರ್ಡ್ ಓಡಿ ಅಂಕ ತಂದ. ಫಿಸ್ಕ್ 8.5 ಸ್ಯಾಕ್‌ನೊಂದಿಗೆ ಲೀಗಿನ ಹೊಸಬರಲ್ಲೇ ಮೊದಲಿಗನಾದ. ತಂಡ 10-7ರಲ್ಲಿ ಮುಗಿಸಿ ತನ್ನ ವಿಭಾಗ ಗೆದ್ದಿತು.

ಕಳೆದ ವಾರ ಲಾಸ್ ಏಂಜಲೀಸ್ ಬೆಂಕಿಯಲ್ಲಿ ಬೇಯ್ತಿದ್ದಾಗ ಇವರ ತವರಿನ ಪ್ಲೇಆಫ್ ಪಂದ್ಯವನ್ನ ಅರಿಜೋನಾಕ್ಕೆ ಎತ್ತಿಕೊಂಡು ಹೋದರು. 14 ಪಂದ್ಯ ಗೆದ್ದು ಬಂದಿದ್ದ ಮಿನಿಸೋಟ ವೈಕಿಂಗ್ಸ್ ಎದುರು ಈ ಹುಡುಗರು 9 ಸ್ಯಾಕ್ ಮಾಡಿದರು, ಪ್ಲೇಆಫ್ ಇತಿಹಾಸದ ದಾಖಲೆ ಸಮ. ವರ್ಸ್ ಬಿದ್ದ ಚೆಂಡು ಹೆಕ್ಕಿ 57 ಯಾರ್ಡ್ ಓಡಿದ. 27-9.

ಎರಡು ತಪ್ಪು, 142 ಯಾರ್ಡ್

ಹಾಗಾದ್ರೆ ಹುಡುಗರು ಪಳಗಿದ್ರು, ಈಗಲ್ಸ್‌ನ ಹೊಡೀತಾರೆ ಅನ್ನಬಹುದಾ? ಸ್ವಲ್ಪ ತಡೀರಿ.

ಸೀಸನ್ ಕೊನೆಯ ಪಂದ್ಯದಲ್ಲಿ ಹಲವು ಪ್ರಮುಖರಿಗೆ ವಿಶ್ರಾಂತಿ ಕೊಟ್ಟಿದ್ದರು. ಅದನ್ನ ಬಿಟ್ಟರೆ ಕೊನೆಯ ನಾಲ್ಕು ಪಂದ್ಯಗಳಲ್ಲಿ ಈ ಡಿಫೆನ್ಸ್ ಕೊಟ್ಟಿದ್ದು 6, 9, 9, 9. ಒಟ್ಟು 33 ಅಂಕ. ಕೇಳೋಕೆ ಭರ್ಜರಿ. ಆದರೆ ಅದರಲ್ಲಿ ಮೂರು ತಂಡ (ಫಾರ್ಟಿನೈನರ್ಸ್, ಜೆಟ್ಸ್, ಕಾರ್ಡಿನಲ್ಸ್) ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಅದಕ್ಕೂ ಮುಂಚೆ ಬಫಲೊ ಬಿಲ್ಸ್ ಥರದ ನಿಜವಾದ ಗಟ್ಟಿ ತಂಡ ಬಂದಾಗ ಕೊಟ್ಟಿದ್ದು 42 ಅಂಕ. ಆ ಪಂದ್ಯ 44-42ರಲ್ಲಿ ಗೆದ್ದಿದ್ದು ಬ್ಯಾಟಿಂಗ್ ಬಲದಿಂದ ಅಂತೀವಲ್ಲ, ಹಾಗೆ. ಇನ್ನು ವೈಕಿಂಗ್ಸ್‌ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್ ಚೆಂಡನ್ನ ಕೈಯಲ್ಲೇ ಇಟ್ಕೊಂಡು ನಿಂತ. ನಿಂತವನನ್ನ ಕೆಡವೋದು ಈ ಹುಡುಗರಿಗೆ ಚೆನ್ನಾಗಿ ಗೊತ್ತು. ಈಗಲ್ಸ್ ನಿಲ್ಲಲ್ಲ. ಈಗಲ್ಸ್ ಓಡ್ತಾರೆ.

ಈಗ ಆ 255ನ್ನ ಬಿಚ್ಚಿ ನೋಡೋಣ. ಬಾರ್ಕ್ಲಿ ಚೆಂಡು ಹೊತ್ತಿದ್ದು 26 ಸಲ. ಅದರಲ್ಲಿ ಎರಡು ಓಟ 70 ಮತ್ತು 72 ಯಾರ್ಡ್. ಎರಡೇ ಸೇರಿ 142. ಉಳಿದ 24 ಓಟಕ್ಕೆ 113 ಯಾರ್ಡ್, ಅಂದ್ರೆ ಸಲಕ್ಕೆ 4.7. ಒಳ್ಳೆಯ ಓಟಗಾರನಿಗೆ ಅದು ಸಾಧಾರಣ ದಿನದ ಲೆಕ್ಕ. ಅಂದ್ರೆ ಹುಡುಗರು ಇಡೀ ರಾತ್ರಿ ಕೆಟ್ಟದಾಗಿ ಆಡಲಿಲ್ಲ. ಇಪ್ಪತ್ತನಾಲ್ಕು ಸಲ ಸುಮಾರಾಗಿ ತಮ್ಮ ಕೆಲಸ ಮಾಡಿದರು, ಎರಡು ಸಲ ಬಾಗಿಲು ತೆರೆದಿಟ್ಟರು.

ಅನುಭವ ಇಲ್ಲ ಅಂದ್ರೆ ನಿಜವಾಗಿ ಏನು ಅನ್ನೋದು ಇಲ್ಲಿದೆ. ಶಕ್ತಿ ಕಮ್ಮಿ ಅಂತಲ್ಲ, ವೇಗ ಕಮ್ಮಿ ಅಂತಂತೂ ಅಲ್ಲ. ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ರೇಡರ್ ಬಂದಾಗ ಕಾರ್ನರ್‌ನಲ್ಲಿ ನಿಂತ ಎಳೆ ಹುಡುಗ ಆಸೆಪಟ್ಟು ಅರ್ಧ ಸೆಕೆಂಡ್ ಮುಂಚೆ ಹಾರ್ತಾನೆ. ಹತ್ತರಲ್ಲಿ ಎಂಟು ಸಲ ಹಿಡೀತಾನೆ, ಮೈದಾನ ಚಪ್ಪಾಳೆ ಹೊಡೆಯುತ್ತೆ. ಒಂಬತ್ತನೇ ಸಲ ಚೈನ್ ಮುರಿಯುತ್ತೆ, ಮೂರು ಪಾಯಿಂಟ್ ಹೋಗುತ್ತೆ. ಇಲ್ಲೂ ಹಾಗೇ. ಓಟ ತಡೆಯೋವಾಗ ಪ್ರತಿಯೊಬ್ಬನಿಗೂ ಕಾಯೋಕೆ ಒಂದು ಸಂದು ಕೊಟ್ಟಿರ್ತಾರೆ. ಚೆಂಡು ಆ ಕಡೆ ಹೋದ ಹಾಗೆ ಕಂಡ್ರೂ ತನ್ನ ಸಂದು ಬಿಡಬಾರದು. ಸ್ಯಾಕ್ ಮಾಡೋಕೆ ಯಾವ ಉತ್ಸಾಹ ಬೇಕೋ ಅದೇ ಉತ್ಸಾಹ ಇಲ್ಲಿ ಕಾಲಿಗೆ ತೊಡರುತ್ತೆ. ಏನೂ ಮಾಡದೇ ತನ್ನ ಜಾಗದಲ್ಲಿ ನಿಲ್ಲೋದನ್ನ ಕಲಿಯೋಕೆ ವರ್ಷಗಳು ಬೇಕು.

ಬಾರ್ಕ್ಲಿ ಈ ಸೀಸನ್‌ನಲ್ಲಿ ಓಡಿದ್ದು 2,005 ಯಾರ್ಡ್. ಕೊನೆಯ ಪಂದ್ಯ ಆಡಿದ್ದಿದ್ರೆ 2,105ರ ಸಾರ್ವಕಾಲಿಕ ದಾಖಲೆ ಮುರಿಯೋ ಅವಕಾಶ ಇತ್ತು. ಆ ದಾಖಲೆ 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ್ದು, ಇದೇ ರ‍್ಯಾಮ್ಸ್ ಪರ. ಅವನು ಮುರಿಯಲಿಲ್ಲ, ತಂಡ ಅವನಿಗೆ ವಿಶ್ರಾಂತಿ ಕೊಟ್ಟಿತು. ಆ ವಿಶ್ರಾಂತಿ ಪಡೆದ ಕಾಲುಗಳೇ ಈಗ ಎದುರಿಗಿವೆ.

ಎಳೆಯರೇ ಯಾಕೆ? ಲೆಕ್ಕ ನೋಡಿ

ಇಷ್ಟು ದೊಡ್ಡ ವ್ಯವಹಾರದ ತಂಡವೊಂದು ಇಷ್ಟು ಹೊಸಬರ ಮೇಲೆ ಯಾಕೆ ನಿಂತಿದೆ? ಪ್ರತಿಭೆಯನ್ನ ಗುರುತಿಸಿದರು ಅನ್ನೋದು ಅರ್ಧ ಉತ್ತರ. ಇನ್ನರ್ಧ ಉತ್ತರ ದುಡ್ಡು.

ಈ ಲೀಗಿನಲ್ಲಿ ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ. 2024ಕ್ಕೆ 25.54 ಕೋಟಿ ಡಾಲರ್. ಯಾರಿಗೋ ಜಾಸ್ತಿ ಕೊಟ್ರೆ ಇನ್ಯಾರಿಗೋ ಕಮ್ಮಿ ಮಾಡಲೇಬೇಕು. ಮುಂಚೆ ಡ್ರಾಫ್ಟ್‌ನಲ್ಲಿ ಬರೋ ಹೊಸಬರೂ ಚೌಕಾಸಿ ಮಾಡ್ತಿದ್ದರು. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸಿಕ್ಕ ಒಪ್ಪಂದ ಆರು ವರ್ಷಕ್ಕೆ 7.8 ಕೋಟಿ ಡಾಲರ್. ಕೊಟ್ಟಿದ್ದು ಆಗ ಸೇಂಟ್ ಲೂಯಿಸ್‌ನಲ್ಲಿದ್ದ ಇದೇ ರ‍್ಯಾಮ್ಸ್. 2011ರಲ್ಲಿ ಹೊಸ ಒಪ್ಪಂದ ಬಂತು, ಹೊಸಬರ ಸಂಬಳಕ್ಕೆ ಗೆರೆ ಎಳೆದರು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದ ಅಂತರ.

ಡೊನಾಲ್ಡ್‌ಗೆ 2022ರಲ್ಲಿ ಕೊಟ್ಟ ಒಪ್ಪಂದ ಮೂರು ವರ್ಷಕ್ಕೆ 9.5 ಕೋಟಿ. ವರ್ಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 1.5 ಕೋಟಿ. ಮೂರು ಸೀಸನ್ ಮುಗಿಯೋವರೆಗೆ ಅವನು ಎಷ್ಟೇ ಮಿಂಚಿದ್ರೂ ಸಂಬಳದ ಮಾತೇ ಎತ್ತೋ ಹಾಗಿಲ್ಲ, ನಿಯಮವೇ ಹಾಗಿದೆ. ಇತ್ತ ಆಟಗಾರರ ಸಂಘ ಹೇಳೋ ಪ್ರಕಾರ ಒಬ್ಬ ಆಟಗಾರನ ಸರಾಸರಿ ವೃತ್ತಿಜೀವನವೇ 3.3 ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಬಹಳಷ್ಟು ಹುಡುಗರು ತಮ್ಮ ನಿಜವಾದ ಬೆಲೆ ಕೇಳೋ ದಿನ ಬರೋ ಮುಂಚೆಯೇ ಆಟ ಬಿಟ್ಟಿರ್ತಾರೆ.

ರ‍್ಯಾಮ್ಸ್ ಇನ್ನೊಂದು ಸಾಲವನ್ನೂ ತೀರಿಸ್ತಿದೆ. 2017ರಿಂದ 2023ರವರೆಗೆ ಈ ತಂಡ ಮೊದಲ ಸುತ್ತಿನಲ್ಲಿ ಒಬ್ಬ ಹುಡುಗನನ್ನೂ ಆರಿಸಲಿಲ್ಲ. ಆ ಆಯ್ಕೆಗಳಲ್ಲಿ ಹೆಚ್ಚಿನವನ್ನ ಮಾರಿ ಜೇಲನ್ ರಾಮ್ಸೆ, ಮ್ಯಾಥ್ಯೂ ಸ್ಟ್ಯಾಫರ್ಡ್ ಥರದ ರೆಡಿಮೇಡ್ ತಾರೆಗಳನ್ನ ತಂದಿತು. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಅದರ ಮುಂದಿನ ಸೀಸನ್‌ನಲ್ಲೇ 5-12. ಬಿಲ್ ಬಂದಾಗ ಕಟ್ಟೋಕೆ ನಿಂತವರು ಈ ಅಗ್ಗದ ಹುಡುಗರು.

ನನ್ನ ರಾತ್ರಿ ಪಾಳಿ

2012ರಲ್ಲಿ ನನಗೆ ಕ್ಯಾಂಪಸ್‌ನಲ್ಲಿ ಸಿಕ್ಕ ಆಫರ್ ವರ್ಷಕ್ಕೆ 3.25 ಲಕ್ಷ, ಜೊತೆಗೆ ಎರಡು ವರ್ಷದ ಬಾಂಡ್. ನಮ್ಮ ಟೀಮಿನಲ್ಲಿ ಹನ್ನೊಂದು ವರ್ಷ ಅನುಭವದ ಲೀಡ್ ಒಬ್ಬರಿದ್ದರು. ಒಂದು ಶುಕ್ರವಾರ ಅವರನ್ನ ಕಳಿಸಿಬಿಟ್ಟರು. ಅವರ ಸಂಬಳದಲ್ಲಿ ನಮ್ಮಂಥ ನಾಲ್ಕು ಫ್ರೆಶರ್‌ಗಳು ಬರ್ತಾರೆ ಅನ್ನೋ ಲೆಕ್ಕ ಆಮೇಲೆ ಗೊತ್ತಾಯ್ತು. ನಮ್ಮ ಮ್ಯಾನೇಜರ್ ಅದನ್ನ ನಮಗೆ ಹೇಳಿದ್ದು ಬೇರೆ ಥರ: ಯಂಗ್ ಟೀಮು, ಎನರ್ಜಿ ಜಾಸ್ತಿ, ದೊಡ್ಡ ಅವಕಾಶ. ನಮಗೂ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ.

ಥ್ಯಾಂಕ್ಸ್‌ಗಿವಿಂಗ್ ವಾರ. ನಮ್ಮ ಕ್ಲೈಂಟ್ ರೀಟೇಲ್ ಕಂಪನಿ, ವರ್ಷದ ಅತಿ ದೊಡ್ಡ ವ್ಯಾಪಾರದ ದಿನಗಳು. ರಾತ್ರಿ 2:40ಕ್ಕೆ ಒಂದು ಬ್ಯಾಚ್ ಜಾಬ್ ನಿಂತುಹೋಯ್ತು. ಕೈಪಿಡಿಯಲ್ಲಿ ಬರೆದಿದ್ದ ಹಾಗೆ ರೀಸ್ಟಾರ್ಟ್ ಮಾಡಿದೆ. ಆರ್ಡರ್‌ಗಳೆಲ್ಲ ಎರಡೆರಡು ಸಲ ಬೀಳೋಕೆ ಶುರುವಾದವು. ಮೂರೂವರೆಗೆ ದಿಕ್ಕು ತೋಚದೇ ಆ ಹಳೇ ಲೀಡ್‌ಗೆ ಫೋನ್ ಮಾಡಿದೆ. ಕಂಪನಿ ಹೊರಗೆ ಹಾಕಿದ ಮನುಷ್ಯ, ಎತ್ತಬೇಕಾಗಿರಲಿಲ್ಲ. ಎತ್ತಿದರು.

"ಏನಪ್ಪಾ, ಲಾಕ್ ಫೈಲ್ ತೆಗೀದೇ ರೀಸ್ಟಾರ್ಟ್ ಮಾಡಿಬಿಟ್ಯಾ?"

"ಹೌದು ಸರ್."

"ಸರಿ, ಹೆದರ್ಕೋಬೇಡ. ಮೊದಲು ಜಾಬ್ ನಿಲ್ಸು. ನಾನು ಲೈನಲ್ಲೇ ಇರ್ತೀನಿ."

ಬೆಳಗಿನ ಐದರವರೆಗೂ ಲೈನಲ್ಲಿದ್ದರು. ಮುಂದಿನ ವಾರ ಕ್ಲೈಂಟ್‌ಗೆ ಹೋದ ವರದಿಯಲ್ಲಿ ತಪ್ಪಿನ ಮೂಲ ಕಾರಣ ಅನ್ನೋ ಕಾಲಂನಲ್ಲಿ ಇದ್ದದ್ದು ನನ್ನ ತಪ್ಪು. ಆ ಲಾಕ್ ಫೈಲಿನ ವಿಷಯ ಗೊತ್ತಿದ್ದ ಒಬ್ಬನೇ ಮನುಷ್ಯನನ್ನ ಮೂರು ತಿಂಗಳ ಹಿಂದೆ ಕಳಿಸಲಾಗಿತ್ತು ಅನ್ನೋದು ಯಾವ ಕಾಲಂನಲ್ಲೂ ಇರಲಿಲ್ಲ. ಅವತ್ತಿನಿಂದ 'ಅನುಭವದ ಕೊರತೆ' ಅನ್ನೋ ಪದ ಕೇಳಿದ್ರೆ ನನಗೆ ಒಂದೇ ಪ್ರಶ್ನೆ ಏಳುತ್ತೆ. ಕೊರತೆ ಸರಿ, ಕೊರತೆ ಮಾಡಿದ್ದು ಯಾರು?

ಕೋಟ್ಯಧಿಪತಿಗಳಿಗೂ ನಮಗೂ ಎಲ್ಲಿಯ ಹೋಲಿಕೆ?

ಈ ಪ್ರಶ್ನೆ ಬರುತ್ತೆ, ಬರಬೇಕು. ಈ ಲೀಗಿನಲ್ಲಿ ಹೊಸಬನ ಕನಿಷ್ಠ ಸಂಬಳವೇ 2024ರಲ್ಲಿ 7.95 ಲಕ್ಷ ಡಾಲರ್. ಅವರ ಬಗ್ಗೆ ಕಣ್ಣೀರು ಹಾಕಿ ಅಂತ ನಾನು ಹೇಳ್ತಿಲ್ಲ. ಹೋಲಿಸಬೇಕಾದ್ದು ಸಂಬಳವನ್ನಲ್ಲ, ನಿಯಮ ಬರೆಯೋ ಮೇಜನ್ನ.

ಅಲ್ಲಿ ಆ ಮೇಜಿನಲ್ಲಿ ಆಟಗಾರರ ಸಂಘಕ್ಕೆ ಕುರ್ಚಿ ಇದೆ. ಆದಾಯದಲ್ಲಿ ಆಟಗಾರರ ಪಾಲು ಶೇ. 48ರ ಆಸುಪಾಸು, ಅದು ಒಪ್ಪಂದದಲ್ಲೇ ಬರೆದಿದೆ. 2011ರ ಒಪ್ಪಂದ ಸೀಸನ್ ನಡುವೆ ಪೂರ್ತಿ ಪ್ಯಾಡ್ ಕಟ್ಟಿ ಮಾಡೋ ಪ್ರಾಕ್ಟೀಸ್‌ಗಳನ್ನ 14ಕ್ಕೆ ಇಳಿಸಿತು. ಕೋಚ್‌ಗಳಿಗೆ ಇದು ಇಷ್ಟವಿಲ್ಲ, ಎಳೆಯರಿಗೆ ಕಲಿಸೋಕೆ ಸಮಯ ಸಾಲ್ತಿಲ್ಲ ಅನ್ನೋ ವಾದ ಇದೆ. ವಾದದಲ್ಲಿ ಹುರುಳೂ ಇದೆ. ಆದರೂ ಗಂಟೆಗೆ ಮಿತಿ ಇದೆ, ಯಾಕಂದ್ರೆ ಮೈ ಅವರದು. 2020ರ ಒಪ್ಪಂದ ಆಟಗಾರರ ಮತದಾನದಲ್ಲಿ ಪಾಸಾಗಿದ್ದು 1,019-959 ಅಂತರದಲ್ಲಿ. ಹೊಸಬರ ಸಂಬಳ ಕತ್ತರಿಸೋಕೆ 2011ರಲ್ಲಿ ಒಪ್ಪಿದ್ದೂ ಇದೇ ಸಂಘ. ಹಿರಿಯರು ಕಿರಿಯರ ಪಾಲು ಬಿಟ್ಟುಕೊಟ್ಟರು ಅನ್ನೋ ಟೀಕೆ ನ್ಯಾಯವಾದದ್ದೇ. ಸಂಘ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗಲ್ಲ. ಆದರೆ ಜಗಳ ಆಡೋಕೆ ಒಂದು ಜಾಗ ಇರುತ್ತೆ.

ನಮ್ಮಲ್ಲಿ? 2024ರ ಜುಲೈನಲ್ಲಿ ಐಟಿ ನೌಕರರ ದಿನದ ಕೆಲಸವನ್ನ 14 ಗಂಟೆಗೆ ಏರಿಸೋಕೆ ಅವಕಾಶ ಕೊಡೋ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. ಐಟಿ ನೌಕರರ ಸಂಘ ಕಿಟು ಬೀದಿಗಿಳಿಯದೇ ಇದ್ದಿದ್ರೆ ಎಷ್ಟು ಜನಕ್ಕೆ ಸುದ್ದಿ ತಿಳೀತಿತ್ತೋ. ಕೆಲಸದಿಂದ ತೆಗೆಯೋದು, ಶಿಸ್ತು ಕ್ರಮ ಇವಕ್ಕೆಲ್ಲ ಬರೆದಿಟ್ಟ ನಿಯಮ ಬೇಕು ಅನ್ನೋ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕರ್ನಾಟಕದಲ್ಲಿ ವರ್ಷಗಳ ಕಾಲ ವಿನಾಯಿತಿ ಇತ್ತು. ಪಕ್ಷ ಬದಲಾದ್ರೂ ವಿನಾಯಿತಿ ಬದಲಾಗಲಿಲ್ಲ. ನನಗೆ 2012ರಲ್ಲಿ ಸಿಕ್ಕ ಸಂಬಳವನ್ನ ಈಗಿನ ಹುಡುಗರಿಗೆ ಹೇಳಿದ್ರೆ ನಗ್ತಾರೆ ಅಂದ್ಕೊಂಡಿದ್ದೆ. "ನಮ್ಮದೂ ಹೆಚ್ಚುಕಮ್ಮಿ ಅಷ್ಟೇ ಅಣ್ಣ" ಅಂತಾರೆ.

ಹಾಗಾದ್ರೆ ಗೆಲ್ತಾರಾ?

ಎಳೆಯರಿಂದ ಗೆಲ್ಲೋಕೆ ಆಗಲ್ಲ ಅಂತ ನಾನು ಹೇಳಿದ್ರೆ ಅದು ತಪ್ಪು. ಪುರಾವೆ ಎದುರಾಳಿ ತಂಡದಲ್ಲೇ ಇದೆ. ಈ ಸೀಸನ್‌ನಲ್ಲಿ ಅತಿ ಕಡಿಮೆ ಯಾರ್ಡ್ ಬಿಟ್ಟುಕೊಟ್ಟ ಡಿಫೆನ್ಸ್ ಈಗಲ್ಸ್‌ನದು. ಅವರ ಹಿಂದಿನ ಸಾಲಲ್ಲಿ ಕ್ವಿನ್ಯನ್ ಮಿಚೆಲ್, ಕೂಪರ್ ಡಿಜೀನ್ ಇಬ್ಬರೂ ಮೊದಲ ವರ್ಷದ ಹುಡುಗರು. ಆದರೆ ಅವರ ಪಕ್ಕದಲ್ಲಿ 34 ವರ್ಷದ ಡೇರಿಯಸ್ ಸ್ಲೇ ನಿಲ್ತಾನೆ. ತಂತ್ರ ಹೆಣೆಯೋದು 66 ವರ್ಷದ ವಿಕ್ ಫ್ಯಾಂಜಿಯೊ. 15ನೇ ಸೀಸನ್ ಆಡ್ತಿದ್ದ ಬ್ರ್ಯಾಂಡನ್ ಗ್ರಹಾಂ ಅದೇ ನವೆಂಬರ್ ಪಂದ್ಯದಲ್ಲಿ ಗಾಯಗೊಂಡ, ಅಲ್ಲಿಯವರೆಗೆ ಅವನೂ ಇದ್ದ. ಎರಡೂ ತಂಡ ಎಳೆಯರನ್ನೇ ನಂಬಿವೆ. ಒಂದು ತಂಡ ಅವರ ಪಕ್ಕದಲ್ಲಿ, ಫೋನ್ ಎತ್ತೋಕೆ, ಹಳಬರನ್ನ ಜಾಸ್ತಿ ಇಟ್ಕೊಂಡಿದೆ. ರ‍್ಯಾಮ್ಸ್‌ನಲ್ಲೂ ಡೇರಿಯಸ್ ವಿಲಿಯಮ್ಸ್ ಥರದವರು ಇಲ್ಲ ಅಂತಲ್ಲ. ಮುಂಚೂಣಿಯಲ್ಲಿ, ಬಾರ್ಕ್ಲಿ ಮೊದಲು ತಾಗೋ ಜಾಗದಲ್ಲಿ, ಕಮ್ಮಿ.

ನನ್ನ ಅಂದಾಜು: ರ‍್ಯಾಮ್ಸ್‌ಗೆ ಹತ್ತರಲ್ಲಿ ಮೂರೂವರೆ. ಬಾರ್ಕ್ಲಿಯನ್ನ ನೂರು ಯಾರ್ಡ್ ಒಳಗೆ ಕಟ್ಟೋದು ಕಷ್ಟ, ಅದು ಬೇಕಾಗಿಯೂ ಇಲ್ಲ. 26 ಸಲಕ್ಕೆ 120 ಕೊಟ್ಟರೂ ಪಂದ್ಯ ಕೈಯಲ್ಲಿರುತ್ತೆ, 36 ವರ್ಷದ ಸ್ಟ್ಯಾಫರ್ಡ್‌ಗೆ ಅಷ್ಟು ಸಾಕು. ಕೊಡಬಾರದ್ದು ಆ ಒಂದೆರಡು ಉದ್ದನೆಯ ಓಟ. ಹಿಮದಲ್ಲಿ ಎಳೆಯರ ವೇಗಕ್ಕೆ ಬೆಲೆ ಕಮ್ಮಿ, ಜಾರಿದ ಕಾಲಿಗೆ ತಿರುಗಿ ಬರೋಕೆ ಸಮಯ ಇರಲ್ಲ. ಅದಕ್ಕೇ ಅರ್ಧಕ್ಕಿಂತ ಕಮ್ಮಿ ಕೊಟ್ಟಿದ್ದೀನಿ. ತಪ್ಪಾದ್ರೆ ಖುಷಿಯಾಗಿ ಒಪ್ಕೋತೀನಿ.

ಗೆದ್ದರೆ ಶೀರ್ಷಿಕೆ ಮ್ಯಾನೇಜ್‌ಮೆಂಟ್‌ನ ಜಾಣತನದ ಬಗ್ಗೆ ಬರುತ್ತೆ. ಸೋತರೆ ಹುಡುಗರ ಅನುಭವದ ಕೊರತೆ ಬಗ್ಗೆ. ಆಫೀಸಲ್ಲಿ, ಪಾರ್ಟಿಯಲ್ಲಿ, ಚುನಾವಣೆ ಮುಗಿದ ಮಾರನೇ ದಿನ ನೀವೂ ಈ ಎರಡು ಸಾಲು ಕೇಳಿರ್ತೀರಿ. ಮುಂದಿನ ಸಲ ಯಾರಾದ್ರೂ ನಿಮಗೆ ಯಂಗ್ ಟೀಮು, ದೊಡ್ಡ ಅವಕಾಶ ಅಂದ್ರೆ ಅವಕಾಶ ಬಿಡಬೇಡಿ, ತಗೊಳ್ಳಿ. ಜೊತೆಗೆ ಎರಡು ಪ್ರಶ್ನೆ ಕೇಳಿ: ಈ ಜಾಗದಲ್ಲಿ ಮುಂಚೆ ಇದ್ದವರು ಎಲ್ಲಿ ಹೋದರು? ಏನಾದ್ರೂ ಎಡವಟ್ಟಾದ್ರೆ ವರದಿ ಬರೆಯೋರು ಯಾರು?

ಸೋಮವಾರ ಬೆಳಗಿನ ಜಾವ ಒಂದೂಕಾಲಕ್ಕೆ ನಾನು ಅಲಾರ್ಮ್ ಇಟ್ಟಿದ್ದೀನಿ. ಅದೇ ಹೊತ್ತಿಗೆ ಔಟರ್ ರಿಂಗ್ ರೋಡಿನ ಯಾವುದೋ ಕಟ್ಟಡದಲ್ಲಿ ಒಬ್ಬ ಫ್ರೆಶರ್ ಒಬ್ಬನೇ ಸ್ಕ್ರೀನ್ ಮುಂದೆ ಕೂತಿರ್ತಾನೆ. ಅವನ ಜಾಬ್ ನಿಲ್ಲದೇ ಇರಲಿ. ನಿಂತರೆ, ಫೋನ್ ಎತ್ತೋಕೆ ಅವನಿಗೂ ಒಬ್ಬರಿರಲಿ.